ಕ್ರೂಸ್ ಪ್ರವಾಸ: ಊಟ, ಪಾನೀಯದ ನಿಯಮಗಳನ್ನು ಮುಂಗಡ ಪಡೆಯುವ ಮೊದಲೇ ತಿಳಿಸಲಿ

ಮಾನ್ಯ ಸಂಪಾದಕರೇ,

ಸಿಂಗಪುರ, ಮಲೇಷ್ಯಾ ಪ್ರವಾಸಕ್ಕೆ ನಾಲ್ಕೈದು ರಾತ್ರಿಗಳ ಕ್ರೂಸ್ ಸೇರಿಸಿ ಮಾರುವ ಜಾಹೀರಾತುಗಳು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳಲ್ಲೂ ಕಾಣಸಿಗುತ್ತವೆ. ಮಕ್ಕಳು ದುಡಿಯಲು ತೊಡಗಿದ ಮೇಲೆ ಅಪ್ಪ ಅಮ್ಮನನ್ನು ಒಮ್ಮೆ ಹಡಗಿನಲ್ಲಿ ಕರೆದುಕೊಂಡು ಹೋಗಬೇಕೆಂದು ಆಸೆಪಡುವ ಮನೆಗಳು ಹಲವು. ನಮ್ಮದೂ ಅಂಥದೇ ಮನೆ. ಪ್ರವಾಸ ಮುಗಿಸಿ ಬಂದು ಖರ್ಚಿನ ಚೀಟಿಗಳನ್ನು ಹರಡಿಕೊಂಡು ಕುಳಿತಾಗ ಒಂದು ಕೊರತೆ ಮನದಟ್ಟಾಯಿತು. ಹಡಗಿನ ಊಟ, ಪಾನೀಯ ಮತ್ತು ಇತರ ಸೌಲಭ್ಯಗಳಲ್ಲಿ ಯಾವುದು ಟಿಕೆಟ್ ದರದೊಳಗೆ ಬರುತ್ತದೆ, ಯಾವುದಕ್ಕೆ ಬೇರೆ ಹಣ ತೆರಬೇಕು ಎಂಬುದನ್ನು ಮುಂಗಡ ಪಡೆಯುವ ಮೊದಲೇ, ಗ್ರಾಹಕನಿಗೆ ಅರ್ಥವಾಗುವ ಭಾಷೆಯಲ್ಲಿ, ಬರವಣಿಗೆಯಲ್ಲಿ ತಿಳಿಸುವ ಪರಿಪಾಠ ನಮ್ಮ ಏಜೆನ್ಸಿಗಳಲ್ಲಿ ಬೆಳೆದಿಲ್ಲ. ಆ ಕುರಿತು ಈ ಪತ್ರ. ವಿಷಯ ವಿವರ ಬೇಡುವುದರಿಂದ ಪತ್ರ ದೀರ್ಘವಾಗಿದೆ, ದಯವಿಟ್ಟು ಮನ್ನಿಸಬೇಕು.

ನಾವು ಹೋದದ್ದು ಐದು ಮಂದಿ: ನಾನು, ನನ್ನ ಪತ್ನಿ, ಮಗ, ಸೊಸೆ ಮತ್ತು ಹತ್ತು ವರ್ಷದ ಮೊಮ್ಮಗ. ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಹಿಂದಿರುಗುವ ಐದು ರಾತ್ರಿಗಳ ಪ್ರಯಾಣ, ಎರಡು ಕ್ಯಾಬಿನ್. ಏಜೆನ್ಸಿಯವರು ಕೊಟ್ಟಿದ್ದ ಬಣ್ಣದ ಹಾಳೆಯಲ್ಲಿ “ಊಟ, ತಿಂಡಿ, ಮನರಂಜನೆ ಎಲ್ಲವೂ ಸೇರಿದೆ” ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕುಡಿಯುವ ಪದಾರ್ಥಗಳ ಬಗ್ಗೆ ಮಗ ವಿಚಾರಿಸಿದಾಗ, “ಅದೆಲ್ಲ ಹಡಗಿನಲ್ಲೇ ಸಿಗುತ್ತೆ ಸರ್, ಬೇಕಾದರೆ ಒಂದು ಪ್ಯಾಕೇಜ್ ತಗೊಂಡರೆ ಆಯ್ತು” ಎಂಬ ಉತ್ತರ ಬಂತು. ಆ ಪ್ಯಾಕೇಜ್ ಎಂದರೇನು, ಅದರ ಷರತ್ತುಗಳೇನು ಎಂದು ನಾವೂ ಮುಂದೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಪ್ಪಂದದ ಷರತ್ತುಗಳು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಹತ್ತಾರು ಪುಟಗಳಷ್ಟಿದ್ದವು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಾಗದಪತ್ರ ಓದಿಸಿ ಸಹಿ ಹಾಕಿಸಿಕೊಂಡ ನಾನೇ ಅದನ್ನು ಪೂರ್ತಿ ಓದದೆ ಸಹಿ ಹಾಕಿದೆ. ಅದು ನನ್ನ ತಪ್ಪು. ಆದರೆ ಓದಿ ಅರ್ಥಮಾಡಿಕೊಳ್ಳಲು ಸಾಧ್ಯವೇ ಇಲ್ಲದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಊಟದ ವಿಷಯ. ಇದರಲ್ಲಿ ನನಗೆ ಯಾವ ದೂರೂ ಇಲ್ಲ. ದೊಡ್ಡ ಹಡಗುಗಳಲ್ಲಿ ಟಿಕೆಟ್ ದರದೊಳಗೇ ಬರುವ ಊಟ ಎರಡು ಬಗೆಯದು. ಒಂದು, ಮೇಲಿನ ಡೆಕ್ಕಿನಲ್ಲಿ ಹೆಚ್ಚು ಹೊತ್ತು ತೆರೆದಿರುವ ಬಫೆ. ಇನ್ನೊಂದು, ಕುಳಿತು ಬಡಿಸಿಕೊಂಡು ಉಣ್ಣುವ ಮುಖ್ಯ ಭೋಜನಶಾಲೆ. ಎರಡನೆಯದರಲ್ಲಿ ರಾತ್ರಿಯೂಟಕ್ಕೆ ಸಾಮಾನ್ಯವಾಗಿ ಎರಡು ಪಂಕ್ತಿಗಳಿರುತ್ತವೆ, ಸಂಜೆ ಆರು ಗಂಟೆಯ ಸುಮಾರಿಗೆ ಒಂದು, ಎಂಟರ ಸುಮಾರಿಗೆ ಇನ್ನೊಂದು. ಬುಕ್ ಮಾಡುವಾಗಲೇ ಯಾವುದು ಬೇಕೆಂದು ಹೇಳಿಬಿಡಬೇಕು. ನಮ್ಮ ಏಜೆಂಟರು ನಮ್ಮನ್ನು ಕೇಳದೆಯೇ ಮೊದಲ ಪಂಕ್ತಿಗೆ ಹಾಕಿದ್ದರು. ಪೆನಾಂಗಿನಲ್ಲಿ ಇಳಿದು ಕೆಕ್ ಲೋಕ್ ಸಿ ದೇವಾಲಯ ನೋಡಿ ದಣಿದು ಬಂದ ದಿನ ಸಂಜೆ ಆರಕ್ಕೇ ಊಟಕ್ಕೆ ಕೂರುವುದು ಕಷ್ಟವಾಯಿತು. ಭೋಜನಶಾಲೆಯ ಮೇಲ್ವಿಚಾರಕರನ್ನು ಕೇಳಿದ ಕೂಡಲೇ ಅವರು ಎರಡನೆಯ ಪಂಕ್ತಿಗೆ ಬದಲಿಸಿಕೊಟ್ಟರು. ಇಷ್ಟು ಸುಲಭದ ಬದಲಾವಣೆಯನ್ನು ಕೇಳಬಹುದೆಂಬ ಅರಿವಿಲ್ಲದೆ ಎಷ್ಟೋ ಕುಟುಂಬಗಳು ಐದೂ ದಿನ ಬಫೆಯ ಸಾಲಿನಲ್ಲೇ ನಿಲ್ಲುತ್ತವೆ.

ನಮ್ಮ ಮನೆಯಲ್ಲಿ ನಾನು ಮತ್ತು ಪತ್ನಿ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವವರಲ್ಲ. ಮೊದಲ ರಾತ್ರಿ ಮೆನುವಿನಲ್ಲಿ ಸಸ್ಯಾಹಾರದ ಗುರುತಿದ್ದ ಎರಡು ಪದಾರ್ಥಗಳಷ್ಟೇ ಕಂಡವು. ಎರಡೂ ಪಾಶ್ಚಾತ್ಯ ರೀತಿಯವು, ಪತ್ನಿ ಸೂಪು ಮತ್ತು ಬ್ರೆಡ್ಡಿನಲ್ಲೇ ಊಟ ಮುಗಿಸಿದಳು. ಬಡಿಸುತ್ತಿದ್ದ ಹುಡುಗ ಉಡುಪಿ ಕಡೆಯವನು. ನಮ್ಮ ಕನ್ನಡ ಕೇಳಿ ಹತ್ತಿರ ಬಂದು, “ಅಮ್ಮ, ನೀವು ಇವತ್ತೇ ಹೇಳಿದರೆ ನಾಳೆ ರಾತ್ರಿಗೆ ದಾಲ್, ಪಲ್ಯ, ಚಪಾತಿ ಮಾಡಿಸಿ ತರುತ್ತೇನೆ, ಮೆನುವಿನಲ್ಲಿ ಇರುವುದಿಲ್ಲ, ಕೇಳಬೇಕು” ಎಂದ. ಮರುದಿನದಿಂದ ಪ್ರತಿ ರಾತ್ರಿ ನಮ್ಮ ಮೇಜಿಗೆ ಒಂದು ಬಟ್ಟಲು ಬೇಳೆ, ಒಂದು ತರಕಾರಿ ಪಲ್ಯ, ಅನ್ನ ಮತ್ತು ಮೊಸರು ತಪ್ಪದೆ ಬಂದವು, ಇದಕ್ಕೆ ಒಂದು ಪೈಸೆಯೂ ಹೆಚ್ಚುವರಿ ತಗಲಲಿಲ್ಲ. ಜೈನ ಆಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಅಥವಾ ಯಾವುದಾದರೂ ಪದಾರ್ಥ ಒಗ್ಗದವರಿಗೆ ಬೇಕಾದ ಅಡುಗೆಯನ್ನು ಮಾತ್ರ ಹಡಗು ಹತ್ತಿದ ಮೇಲೆ ಕೇಳಿದರೆ ಸಾಲದು, ಹೊರಡುವುದಕ್ಕೆ ಒಂದೆರಡು ತಿಂಗಳ ಮೊದಲೇ ಲಿಖಿತವಾಗಿ ತಿಳಿಸಬೇಕು ಎಂಬುದು ಹೆಚ್ಚಿನ ಕಂಪನಿಗಳ ನಿಯಮ. ದಕ್ಷಿಣ ಭಾರತದಿಂದ ನಿತ್ಯ ಗ್ರಾಹಕರನ್ನು ಕಳಿಸುವ ಏಜೆನ್ಸಿಗೆ ಇದು ತಿಳಿಯದ ವಿಷಯವಲ್ಲ. ಒಂದು ವಾಕ್ಯದಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು.

ಇದಲ್ಲದೆ ದುಡ್ಡು ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟುಗಳು ಹಡಗಿನ ತುಂಬ ಇರುತ್ತವೆ. ಮಾಂಸದ ಸ್ಟೇಕ್, ಜಪಾನಿನ ಸುಶಿ, ಇಟಲಿಯ ಊಟ, ಹೀಗೆ. ಆಸೆಯಿದ್ದವರು ಹೋಗಲಿ, ಆದರೆ ಹತ್ತಿದ ದಿನವೇ ಬಾಗಿಲಲ್ಲಿ ನಿಂತು “ಇವತ್ತು ರಿಯಾಯಿತಿ” ಎಂದು ಕರೆಯುವವರ ಮಾತಿಗೆ ಸಿಕ್ಕಿ ಐದು ರಾತ್ರಿಗೂ ಊಟದ ಪ್ಯಾಕೇಜ್ ಕೊಳ್ಳುವ ಅಗತ್ಯ ನಮ್ಮಂಥ ಕುಟುಂಬಗಳಿಗೆ ಖಂಡಿತ ಇಲ್ಲ.

ಕಾಫಿಯ ಪ್ರಸಂಗ ಹೇಳಲೇಬೇಕು, ಏಕೆಂದರೆ ಪಾನೀಯದ ನಿಯಮಗಳು ನಮಗೆ ಮೊದಲು ಎದುರಾದದ್ದು ಮದ್ಯದ ರೂಪದಲ್ಲಲ್ಲ, ಕಾಫಿಯ ರೂಪದಲ್ಲಿ. ಬೆಳಿಗ್ಗೆ ಐದೂವರೆಗೆ ಎದ್ದು ಕಾಫಿ ಕುಡಿಯುವ ಅಭ್ಯಾಸದ ಪತ್ನಿ ಮನೆಯಿಂದ ಪುಟ್ಟ ಕರೆಂಟ್ ಕೆಟಲ್ ತಂದಿದ್ದಳು. ಹಡಗು ಹತ್ತುವಾಗ ಸಾಮಾನಿನ ತಪಾಸಣೆಯಲ್ಲಿ ಅದನ್ನು ಹೊರಗೆ ತೆಗೆದು, ಒಂದು ಚೀಟಿ ಕಟ್ಟಿ, ಇಳಿಯುವ ದಿನ ವಾಪಸು ಕೊಡುವುದಾಗಿ ಹೇಳಿದರು. ಕೆಟಲ್, ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆಗಳಿಗೆ ಹಡಗಿನ ಕ್ಯಾಬಿನ್‌ಗಳಲ್ಲಿ ಅವಕಾಶವಿಲ್ಲ. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಅಪಾಯವಿಲ್ಲವಾದ್ದರಿಂದ ಈ ನಿಯಮ ಸರಿಯೇ. ಮರುದಿನ ಬೆಳಿಗ್ಗೆ ಕೆಳಗಿನ ಡೆಕ್ಕಿನ ಕಾಫಿ ಅಂಗಡಿಯಲ್ಲಿ ಎರಡು ಕಪ್ ಕಾಫಿ ಕೇಳಿ, ಹಡಗಿನಲ್ಲಿ ಗುರುತಿಗೂ ಖರ್ಚಿಗೂ ಬಳಸುವ ಕೊರಳಿನ ಕಾರ್ಡು ತೋರಿಸಿ ಕುಡಿದು ಬಂದೆವು. ಟಿಕೆಟ್ಟಿನಲ್ಲೇ ಸೇರಿರಬೇಕೆಂದು ನಂಬಿದ್ದೆವು. ಸಂಜೆ ಖಾತೆ ನೋಡಿದಾಗ ಒಂದೊಂದು ಕಪ್ಪಿಗೆ ಐದು ಅಮೆರಿಕನ್ ಡಾಲರ್, ಅದರ ಮೇಲೆ ಶೇ 18ರಷ್ಟು ಸೇವಾ ಶುಲ್ಕ ಬಿದ್ದಿತ್ತು. ಅದೇ ಹೊತ್ತಿನಲ್ಲಿ ಮೇಲಿನ ಬಫೆಯಲ್ಲಿ ಚಹಾ, ಸಾಧಾರಣ ಕಾಫಿ, ಹಾಲು, ನೀರು, ನಿಂಬೆ ಶರಬತ್ತು ಎಲ್ಲವೂ ಉಚಿತವಾಗಿ ಸಿಗುತ್ತಿದ್ದವು. ಮೂರನೆಯ ದಿನದಿಂದ ಪತ್ನಿ ಊರಿನಿಂದ ತಂದಿದ್ದ ಸೀಲು ಮಾಡಿದ ಕಾಫಿಪುಡಿ ಪೊಟ್ಟಣಗಳನ್ನು ಬಫೆಯ ಬಿಸಿಹಾಲಿಗೆ ಬೆರೆಸಿ, ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು, ಸೂರ್ಯ ಹುಟ್ಟುವುದನ್ನು ನೋಡುತ್ತ ಕುಡಿದಳು. ಇಡೀ ಪ್ರವಾಸದಲ್ಲಿ ಅವಳಿಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದೇ ಎಂದು ಈಗಲೂ ಹೇಳುತ್ತಾಳೆ.

ಇನ್ನು ಪಾನೀಯದ ಪ್ಯಾಕೇಜ್. ದಿನಕ್ಕೆ ಇಷ್ಟು ಎಂದು ಮೊದಲೇ ಹಣ ಕಟ್ಟಿದರೆ ಬಿಯರ್, ವೈನ್, ಕಾಕ್‌ಟೇಲ್, ತಂಪು ಪಾನೀಯ, ಅಂಗಡಿ ಕಾಫಿ, ಬಾಟಲಿ ನೀರು ಎಲ್ಲವನ್ನೂ ಮತ್ತೆ ಹಣ ಕೊಡದೆ ಕುಡಿಯಬಹುದು. ಕೇಳಲು ಇದು ಸರಳ, ಷರತ್ತುಗಳು ಸರಳವಲ್ಲ. ಒಂದು ದಿನಕ್ಕೆ ಬೇಕು, ಇನ್ನೊಂದು ದಿನಕ್ಕೆ ಬೇಡ ಎನ್ನುವಂತಿಲ್ಲ, ಇಡೀ ಪ್ರಯಾಣಕ್ಕೆ ಕೊಳ್ಳಬೇಕು. ಬಂದರಿನಲ್ಲಿ ಇಳಿದು ಬೆಳಗಿನಿಂದ ಸಂಜೆಯವರೆಗೆ ಊರು ಸುತ್ತುವ ದಿನಗಳಿಗೂ ಹಣ ತೆರಬೇಕು. ಒಬ್ಬರ ಪ್ಯಾಕೇಜಿನಲ್ಲಿ ಇನ್ನೊಬ್ಬರು ಕುಡಿಯುವಂತಿಲ್ಲ, ಕಾರ್ಡು ಉಜ್ಜಿದ ಕೂಡಲೇ ಬಾರಿನವರ ಪರದೆಯ ಮೇಲೆ ನಮ್ಮ ಭಾವಚಿತ್ರ ಬರುತ್ತದೆ. ಎಲ್ಲಕ್ಕಿಂತ ಭಾರವಾದ ಷರತ್ತು ಮತ್ತೊಂದಿದೆ. ಒಂದು ಕ್ಯಾಬಿನ್ನಿನಲ್ಲಿ ಒಬ್ಬ ವಯಸ್ಕರು ಮದ್ಯದ ಪ್ಯಾಕೇಜ್ ಕೊಂಡರೆ, ಅದೇ ಕ್ಯಾಬಿನ್ನಿನಲ್ಲಿರುವ ಉಳಿದ ವಯಸ್ಕರೂ, ಅವರು ಕುಡಿಯಲಿ ಬಿಡಲಿ, ಅದನ್ನೇ ಕೊಳ್ಳಬೇಕು. ಇದು ಯಾವುದೋ ಒಂದು ಹಡಗಿನ ವಿಚಿತ್ರ ಕಟ್ಟಳೆಯಲ್ಲ. ರಾಯಲ್ ಕೆರಿಬಿಯನ್, ಕಾರ್ನಿವಲ್‌ನಂಥ ದೊಡ್ಡ ಕಂಪನಿಗಳು ಬಹಿರಂಗವಾಗಿ ಪ್ರಕಟಿಸಿರುವ ನಿಯಮಗಳಲ್ಲೇ ಇದು ಇದೆ.

ನಮ್ಮ ಮಗ ಅಪರೂಪಕ್ಕೊಮ್ಮೆ ಬಿಯರ್ ಕುಡಿಯುವವನು, ಸೊಸೆ ಮುಟ್ಟುವವಳಲ್ಲ. ಹತ್ತಿದ ಮಧ್ಯಾಹ್ನ ಮಗ ಕೌಂಟರಿಗೆ ಹೋಗಿ ತನಗೊಂದು ಪ್ಯಾಕೇಜ್ ಕೇಳಿದಾಗ, ನಿಮ್ಮ ಪತ್ನಿಯ ಹೆಸರಿನಲ್ಲೂ ತೆಗೆದುಕೊಳ್ಳಬೇಕು ಎಂದರು. ಆ ಕೌಂಟರಿನ ಮುಂದೆಯೇ ನಾನು ಹಳೆಯ ಅಭ್ಯಾಸದಂತೆ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನಮಗೆ ಹೇಳಿದ ದರ ತಲಾ ದಿನಕ್ಕೆ 80 ಡಾಲರ್. ಶೇ 18ರ ಸೇವಾ ಶುಲ್ಕ ಸೇರಿಸಿದರೆ 94.40 ಡಾಲರ್. ಐದು ದಿನಕ್ಕೆ 472, ಇಬ್ಬರಿಗೆ 944. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಎಂಬತ್ತು ಸಾವಿರ ರೂಪಾಯಿ ದಾಟುತ್ತದೆ. ಬಿಡಿಯಾಗಿ ಕೊಂಡರೆ ಒಂದು ಬಿಯರಿಗೆ ಶುಲ್ಕ ಸೇರಿ 10.62 ಡಾಲರ್ ಆಗುತ್ತಿತ್ತು. ಅಂದರೆ ಸೊಸೆ ಏನನ್ನೂ ಕುಡಿಯದ ಪಕ್ಷದಲ್ಲಿ, ಕಟ್ಟಿದ ಹಣ ಹುಟ್ಟಬೇಕಾದರೆ ಮಗನೊಬ್ಬನೇ ದಿನಕ್ಕೆ ಹೆಚ್ಚುಕಡಿಮೆ ಹದಿನೆಂಟು ಬಿಯರ್ ಕುಡಿಯಬೇಕಿತ್ತು. ಒಂಟಿಯಾಗಿ ಪ್ಯಾಕೇಜ್ ಕೊಳ್ಳುವವರಿಗೂ ದಿನಕ್ಕೆ ಒಂಬತ್ತು ಬೇಕು. ನಾವು ಕೊಳ್ಳಲಿಲ್ಲ. ಐದು ದಿನಗಳಲ್ಲಿ ಮಗ ಕುಡಿದದ್ದು ನಾಲ್ಕು ಬಿಯರ್, ಮೊಮ್ಮಗನ ತಂಪು ಪಾನೀಯ, ಸೊಸೆಯ ಹಣ್ಣಿನ ರಸ, ನಮ್ಮ ಆ ಎರಡು ಕಾಫಿ ಎಲ್ಲವೂ ಸೇರಿ ನೂರು ಡಾಲರ್ ಮುಟ್ಟಲಿಲ್ಲ.

ಪಕ್ಕದ ಕ್ಯಾಬಿನ್ನಿನಲ್ಲಿ ನಮ್ಮದೇ ಏಜೆನ್ಸಿಯ ಮೂಲಕ ಬಂದಿದ್ದ, ಹುಬ್ಬಳ್ಳಿ ಕಡೆಯ ದಂಪತಿಗೆ ಈ ಲೆಕ್ಕ ಹಾಕಿ ಹೇಳುವವರು ಯಾರೂ ಇರಲಿಲ್ಲ. ಅವರು ಬುಕ್ ಮಾಡುವಾಗಲೇ “ಎಲ್ಲರೂ ತೆಗೆದುಕೊಳ್ಳುತ್ತಾರೆ” ಎಂಬ ಮಾತು ನಂಬಿ ಇಬ್ಬರಿಗೂ ಕಟ್ಟಿಬಿಟ್ಟಿದ್ದರು. ಆ ತಾಯಿ ಸೋಮವಾರ ಉಪವಾಸ ಮಾಡುವವರು, ಮದ್ಯದ ವಾಸನೆಯೂ ಆಗದವರು. ಕಟ್ಟಿದ ಹಣ ವ್ಯರ್ಥವಾಗಬಾರದೆಂದು ದಿನಕ್ಕೆ ಆರೇಳು ಲೋಟ ಕಿತ್ತಳೆ ರಸ ತರಿಸಿಕೊಂಡು, ಎರಡನೆಯ ದಿನವೇ ಹೊಟ್ಟೆ ಕೆಟ್ಟು ಕ್ಯಾಬಿನ್ನಿನಲ್ಲೇ ಮಲಗಿದರು. ಫುಕೆಟ್ಟಿನಲ್ಲಿ ಅವರು ಹಡಗಿನಿಂದ ಇಳಿಯಲೇ ಇಲ್ಲ. ಕುಡಿಯದವರಿಗೆ ಕುಡಿಯುವವರ ದರ ಹೇರುವುದು ಸರಿಯಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ.

ಕಂಪನಿಗಳ ಕಡೆಯ ಕಾರಣವನ್ನೂ ಹೇಳುವುದು ನ್ಯಾಯ. ಒಬ್ಬರು ಕೊಂಡ ಪ್ಯಾಕೇಜಿನಲ್ಲಿ ಕ್ಯಾಬಿನ್ನಿನ ಇಬ್ಬರೂ ಕುಡಿಯುವುದನ್ನು ತಡೆಯಲು ಈ ನಿಯಮ ಎಂಬುದು ಅವರ ವಾದ. ಆದರೆ ಹಂಚಿಕೊಳ್ಳುವುದನ್ನು ತಡೆಯಲು ಅವರ ಬಳಿ ಬೇರೆ ಉಪಾಯಗಳು ಈಗಾಗಲೇ ಇವೆ. ಕಾರ್ನಿವಲ್ ಕಂಪನಿಯ ಪ್ಯಾಕೇಜಿನಲ್ಲಿ ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಹದಿನೈದಕ್ಕಿಂತ ಹೆಚ್ಚು ಮದ್ಯ ಪಾನೀಯ ಕೊಡುವುದಿಲ್ಲ, ಒಂದು ಕೊಟ್ಟ ಮೇಲೆ ಇನ್ನೊಂದಕ್ಕೆ ಐದು ನಿಮಿಷ ಕಾಯಬೇಕು. ರಾಯಲ್ ಕೆರಿಬಿಯನ್‌ನಲ್ಲಿ ಒಂದು ಪಾನೀಯದ ಬೆಲೆಗೆ ಮಿತಿಯಿದೆ, ಅದಕ್ಕಿಂತ ದುಬಾರಿಯಾದುದನ್ನು ಕೇಳಿದರೆ ವ್ಯತ್ಯಾಸದ ಹಣ ಕಟ್ಟಬೇಕು. ಭಾವಚಿತ್ರ, ಕಾಯುವ ಅವಧಿ, ಎಣಿಕೆ ಇಷ್ಟೆಲ್ಲ ಇದ್ದ ಮೇಲೂ ಕುಡಿಯದ ಹೆಂಡತಿಯಿಂದ ಪೂರ್ತಿ ಹಣ ಪಡೆಯುವುದಕ್ಕೆ ಸಮರ್ಥನೆ ನನಗೆ ಕಾಣುವುದಿಲ್ಲ. ಆರೋಗ್ಯದ ಅಥವಾ ಧರ್ಮದ ಕಾರಣಕ್ಕೆ ಕುಡಿಯದವರು, ಗರ್ಭಿಣಿಯರು ಮೊದಲೇ ಕೇಳಿಕೊಂಡರೆ, ಅವರಿಗೆ ಮದ್ಯವಿಲ್ಲದ ಕಡಿಮೆ ದರದ ಪ್ಯಾಕೇಜನ್ನು ಒಪ್ಪುವುದೂ ಉಂಟು. ಆದರೆ ಅದು ಕೇಳಿದವರಿಗೆ ಮಾತ್ರ ತೆರೆಯುವ ಬಾಗಿಲು. ಪ್ರಯಾಣಕ್ಕೆ ಮೊದಲೇ ಅಂತರಜಾಲದಲ್ಲಿ ಕೊಂಡರೆ ದರ ಹಡಗಿನಲ್ಲಿರುವುದಕ್ಕಿಂತ ಕಡಿಮೆಯಿರುವುದು ಸಾಮಾನ್ಯ, ಹೊರಡುವ ಮುನ್ನ ಬೇಡವೆನಿಸಿದರೆ ರದ್ದು ಮಾಡಲೂ ಬಹುದು. ಹಡಗಿನಲ್ಲಿ ಬಳಸಲು ತೊಡಗಿದ ಮೇಲೆ ಹಣ ಹಿಂದಿರುಗುವುದಿಲ್ಲ. ಮದ್ಯ ಕುಡಿಯುವ ವಯಸ್ಸಿನ ಮಿತಿಯೂ ಎಲ್ಲ ಕಡೆ ಒಂದೇ ಅಲ್ಲ: ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಅಮೆರಿಕದಿಂದ ಹೊರಟರೆ 21, ಏಷ್ಯಾದಿಂದ ಹೊರಟರೆ 18. ಕಾಲೇಜಿಗೆ ಹೋಗುವ ಮಕ್ಕಳನ್ನು ತಮ್ಮ ಕ್ಯಾಬಿನ್ನಿನಲ್ಲೇ ಕರೆದೊಯ್ಯುವವರು ಇದನ್ನು ಎರಡು ಕಾರಣಕ್ಕೆ ತಿಳಿದಿರಬೇಕು. ಮಕ್ಕಳು ಬಾರಿನಲ್ಲಿ ಕೇಳಿದರೆ ಕೊಡುತ್ತಾರೆ ಎಂಬುದು ಒಂದು, ಪ್ಯಾಕೇಜಿನ ಲೆಕ್ಕದಲ್ಲಿ ಅವರೂ ವಯಸ್ಕರಾಗಿಬಿಡಬಹುದು ಎಂಬುದು ಇನ್ನೊಂದು.

ರೀಜೆಂಟ್ ಸೆವೆನ್ ಸೀಸ್‌ನಂಥ ಐಷಾರಾಮಿ ಕಂಪನಿಗಳು ಮದ್ಯ, ಟಿಪ್ಸ್ ಎಲ್ಲವನ್ನೂ ಟಿಕೆಟ್ಟಿನೊಳಗೇ ಸೇರಿಸಿ ಮಾರುತ್ತವೆ. ವೈಕಿಂಗ್ ಹಡಗುಗಳಲ್ಲಿ ಮಧ್ಯಾಹ್ನ ಮತ್ತು ರಾತ್ರಿಯೂಟದ ಜೊತೆ ಬಿಯರ್, ವೈನ್ ಸೇರಿರುತ್ತದೆ. ಅವುಗಳ ಟಿಕೆಟ್ ದರ ಬಹಳ ಹೆಚ್ಚು, ನಮ್ಮ ಕೈಗೆಟುಕುವಂಥದಲ್ಲ. ಆದರೂ ಒಂದೇ ದರದಲ್ಲಿ ಎಲ್ಲವನ್ನೂ ಹೇಳಿ ಮಾರುವುದು ಸಾಧ್ಯವೆಂಬುದಕ್ಕೆ ಅವು ಸಾಕ್ಷಿ.

ಟಿಪ್ಸ್ ವಿಷಯಕ್ಕೆ ಬರುತ್ತೇನೆ. ಇದು ಪಾನೀಯಗಳ ಮೇಲಿನ ಶೇ 18ಕ್ಕಿಂತ ಬೇರೆಯದು. ಪ್ರತಿಯೊಬ್ಬ ಪ್ರಯಾಣಿಕನ ಖಾತೆಗೆ, ಮಕ್ಕಳದೂ ಸೇರಿ, ದಿನಕ್ಕೆ ಇಷ್ಟೆಂದು ತಾನಾಗಿಯೇ ಬೀಳುವ ಮೊತ್ತ. ರಾಯಲ್ ಕೆರಿಬಿಯನ್ ಕಂಪನಿ 2023ರ ನವೆಂಬರಿನಲ್ಲಿ ಸಾಮಾನ್ಯ ಕ್ಯಾಬಿನ್ನಿಗೆ ಇದನ್ನು ತಲಾ ದಿನಕ್ಕೆ 18 ಡಾಲರಿಗೆ ಏರಿಸಿತು. ಈ ದರದಲ್ಲಿ ಐದು ಮಂದಿಯ ಕುಟುಂಬ ಐದು ರಾತ್ರಿಗೆ ತೆರಬೇಕಾದ್ದು 450 ಡಾಲರ್. ನಮ್ಮ ಏಜೆನ್ಸಿ ಈ ಬಗ್ಗೆ ಚಕಾರವೆತ್ತಿರಲಿಲ್ಲ. ಕೊನೆಯ ರಾತ್ರಿ ಬಿಲ್ ನೋಡಿದಾಗಲೇ ತಿಳಿದದ್ದು. ಅದನ್ನು ಕಡಿಮೆ ಮಾಡಿಸಲು ಕೌಂಟರಿನಲ್ಲಿ ಅವಕಾಶವಿದೆಯೆಂದು ಜೊತೆಯ ಪ್ರಯಾಣಿಕರು ಹೇಳಿದರು. ನಾವು ಹಾಗೆ ಮಾಡಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಸಿಗೆ ಸರಿಪಡಿಸಿ, ಮೊಮ್ಮಗನಿಗೆಂದು ಟವೆಲಿನಲ್ಲಿ ಆನೆ, ಕೋತಿ ಮಾಡಿಟ್ಟು ಹೋಗುತ್ತಿದ್ದ ಫಿಲಿಪ್ಪೀನ್ಸಿನ ಆ ನೌಕರನೂ, ನಮಗೆ ಬೇಳೆ ಬಡಿಸಿದ ಉಡುಪಿಯ ಹುಡುಗನೂ ಮನೆಮಂದಿಯನ್ನು ಬಿಟ್ಟು ತಿಂಗಳುಗಟ್ಟಲೆ ಕಡಲಿನ ಮೇಲೆ ದುಡಿಯುವವರು, ಅವರ ಪಾಲಿಗೆ ಸೇರಬೇಕಾದ ಹಣಕ್ಕೆ ಕೈ ಹಾಕಲು ಮನಸ್ಸಾಗಲಿಲ್ಲ. ನನ್ನ ತಕರಾರು ಟಿಪ್ಸಿನ ಬಗ್ಗೆ ಅಲ್ಲ, ಅದನ್ನು ಮುಚ್ಚಿಟ್ಟು ಟಿಕೆಟ್ ಮಾರಿದ್ದರ ಬಗ್ಗೆ.

ಉಳಿದ ಸೌಲಭ್ಯಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಈಜುಕೊಳ, ನಾಟಕಶಾಲೆಯ ಕಾರ್ಯಕ್ರಮ, ಮಕ್ಕಳ ಕೊಠಡಿ, ಗೋಡೆ ಹತ್ತುವ ಆಟ ನಮಗೆ ಉಚಿತವಾಗಿಯೇ ಸಿಕ್ಕವು. ಕಾರ್ಯಕ್ರಮಗಳಿಗೆ ಮಾತ್ರ ಮೊದಲ ದಿನವೇ ಜಾಗ ಕಾದಿರಿಸಬೇಕು. ಜಾಹೀರಾತುಗಳಲ್ಲಿ ತೋರಿಸುವ ಏಳು ಈಜುಕೊಳ, ಆರು ಜಾರುಬಂಡೆಗಳ ಹಡಗು 2024ರ ಜನವರಿಯಲ್ಲಿ ಮಿಯಾಮಿಯಿಂದ ಮೊದಲ ಯಾನ ಹೊರಟ ಐಕಾನ್ ಆಫ್ ದ ಸೀಸ್. 365 ಮೀಟರ್ ಉದ್ದದ ಆ ಹಡಗಿನ ಚಿತ್ರ ತೋರಿಸಿ ಸಿಂಗಪುರದ ಬೇರೊಂದು ಹಡಗಿನ ಟಿಕೆಟ್ ಮಾರಿದರೆ ಮಕ್ಕಳು ಹತ್ತಿದ ಮೇಲೆ ನಿರಾಶರಾಗುತ್ತಾರೆ. ನಮ್ಮ ಮೊಮ್ಮಗನಿಗೂ ಹಾಗೇ ಆಯಿತು. ಅಂತರಜಾಲಕ್ಕೆ ಬೇರೆ ಹಣ ತೆರಬೇಕು. ಹಡಗು ದಡ ಬಿಟ್ಟ ಕೂಡಲೇ ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕದಿದ್ದರೆ ಹಡಗಿನ ನೆಟ್‌ವರ್ಕಿಗೆ ಸೇರಿಕೊಂಡು ಭಾರಿ ಬಿಲ್ ಬರಬಹುದು. ಸಿಂಗಪುರ ಬಿಟ್ಟು ಮತ್ತೆ ಸಿಂಗಪುರಕ್ಕೇ ಬರುವುದರಿಂದ ಅಲ್ಲಿನ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದೇ ಎಂದು ನೋಡಿಕೊಳ್ಳಬೇಕು.

ಇದಕ್ಕೆಲ್ಲ ಕಾನೂನು ಇಲ್ಲವೇ ಎಂದರೆ, ಇದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ವಹಿವಾಟು ತಂತ್ರಗಳನ್ನು ಗುರುತಿಸಿದೆ. ಮೊದಲು ಕಡಿಮೆ ದರ ತೋರಿಸಿ ಆಮೇಲೆ ಒಂದೊಂದಾಗಿ ಹಣ ಸೇರಿಸುತ್ತ ಹೋಗುವುದೂ, ಬೇಡವಾದುದನ್ನು ಕೊಂಡರೆ ಮಾತ್ರ ಬೇಕಾದುದನ್ನು ಕೊಡುವುದೂ ಆ ಪಟ್ಟಿಯಲ್ಲಿವೆ. ಹೋಟೆಲು, ರೆಸ್ಟೋರೆಂಟುಗಳು ಬಿಲ್ಲಿಗೆ ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸಬಾರದೆಂದು ಇದೇ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಪರದೇಶದ ಧ್ವಜ ಹಾರಿಸುವ ಹಡಗಿನ ಬಾರಿಗೆ ನಮ್ಮ ನಿಯಮ ನೇರವಾಗಿ ತಟ್ಟದಿರಬಹುದು. ಆದರೆ ಟಿಕೆಟ್ ಮಾರಿದ ಏಜೆನ್ಸಿ ನಮ್ಮ ಊರಿನ ಮುಖ್ಯರಸ್ತೆಯಲ್ಲಿದೆ, ರೂಪಾಯಿಯಲ್ಲಿ ಹಣ ಪಡೆದಿದೆ, ಜಿಎಸ್‌ಟಿ ಸಂಖ್ಯೆಯಿರುವ ರಸೀದಿ ಕೊಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹೊರಗಿನ ಉದಾಹರಣೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಕಡ್ಡಾಯ ಶುಲ್ಕಗಳನ್ನು ಬಿಟ್ಟು ಕಡಿಮೆ ದರವನ್ನು ಜಾಹೀರಾತು ಮಾಡಬಾರದೆಂಬ ಕಾನೂನು 2024ರ ಜುಲೈ 1ರಂದು ಜಾರಿಗೆ ಬಂದಾಗ, ರಾಯಲ್ ಕೆರಿಬಿಯನ್, ಕಾರ್ನಿವಲ್ ಮೊದಲಾದ ಕಂಪನಿಗಳು ಬಂದರು ಶುಲ್ಕ ಮತ್ತು ತೆರಿಗೆಗಳನ್ನು ಸೇರಿಸಿದ ದರವನ್ನೇ ಅಮೆರಿಕದ ಗ್ರಾಹಕರಿಗೆಲ್ಲ ತೋರಿಸತೊಡಗಿದವು. ಅಲ್ಲಿನ ಬಂದರುಗಳಿಗೆ ಬರುವ ಹಡಗುಗಳ ಅಡುಗೆಮನೆಯ ಶುಚಿತ್ವವನ್ನು ರೋಗ ನಿಯಂತ್ರಣ ಸಂಸ್ಥೆ ಪರಿಶೀಲಿಸಿ ನೂರಕ್ಕೆ ಅಂಕ ಕೊಡುತ್ತದೆ, 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅನುತ್ತೀರ್ಣ, ಆ ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿ ಸಾಧ್ಯವಾದ ಪಾರದರ್ಶಕತೆ ಇಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಈ ಮಾತು ಈಗಲೇ ಏಕೆ ಎಂದರೆ, ಹಡಗು ಹತ್ತಲು ಸಿಂಗಪುರಕ್ಕೇ ಹೋಗಬೇಕಾದ ಕಾಲ ಮುಗಿಯುತ್ತಿದೆ. 2021ರ ಸೆಪ್ಟೆಂಬರಿನಿಂದ ಮುಂಬೈಯಿಂದ ಕೊರ್ಡೇಲಿಯಾ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಓಡಾಡುತ್ತಿದೆ. 2024ರ ಸೆಪ್ಟೆಂಬರ್ 30ರಂದು ಆರಂಭವಾದ ಕೇಂದ್ರ ಸರ್ಕಾರದ ಕ್ರೂಸ್ ಭಾರತ್ ಮಿಷನ್, 2029ರ ವೇಳೆಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ಮುಂಬೈಯ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿದೆ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಪ್ರತಿ ಋತುವಿನಲ್ಲಿ ವಿದೇಶಿ ಪ್ರವಾಸಿಗರ ಹಡಗುಗಳು ಬರುತ್ತವೆ. ಇಳಿದವರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆ ಹಡಗಿಗೆ ಮರಳುತ್ತಾರೆ. ಮುಂದೊಂದು ದಿನ ಪಣಂಬೂರಿನಿಂದಲೇ ನಮ್ಮವರು ಹಡಗು ಹತ್ತುವಂತಾದರೆ ನನಗಿಂತ ಸಂತೋಷಪಡುವವರು ಇರಲಾರರು. ಆ ದಿನ ಬರುವ ಮೊದಲೇ ರಾಜ್ಯದ ಪ್ರವಾಸೋದ್ಯಮ ಇಲಾಖೆ, ಕ್ರೂಸ್ ಟಿಕೆಟ್ ಮಾರುವ ಪ್ರತಿಯೊಂದು ಏಜೆನ್ಸಿಯೂ ಮುಂಗಡ ಪಡೆಯುವ ಮುನ್ನ ಒಂದೇ ಪುಟದ ಕನ್ನಡ ಹಾಳೆಯಲ್ಲಿ ಊಟದ ಪಂಕ್ತಿ, ಸಸ್ಯಾಹಾರದ ಏರ್ಪಾಡು, ಉಚಿತ ಪಾನೀಯಗಳು, ಪ್ಯಾಕೇಜಿನ ಷರತ್ತು, ಸೇವಾ ಶುಲ್ಕ ಮತ್ತು ದಿನದ ಟಿಪ್ಸ್ ಇವುಗಳ ಮೊತ್ತವನ್ನು ರೂಪಾಯಿಯಲ್ಲಿ ಬರೆದು, ಸಹಿ ಮಾಡಿ ಕೊಡುವಂತೆ ಆದೇಶಿಸಬೇಕೆಂದು ಒತ್ತಾಯಿಸುತ್ತೇನೆ.

ಇಲಾಖೆಯ ಆದೇಶ ಬರುವವರೆಗೆ ನಾವೇ ಕೇಳಿ ಬರೆಸಿಕೊಳ್ಳಬೇಕು. ಬೆಳಗಿನ ವಾಯುವಿಹಾರದ ನನ್ನ ಗೆಳೆಯರೊಬ್ಬರು ಬರುವ ರಜೆಯಲ್ಲಿ ಮಗಳ ಮನೆಯವರ ಜೊತೆ ಇಂಥದೇ ಪ್ರಯಾಣಕ್ಕೆ ಹೊರಡಲಿದ್ದಾರೆ. ನಾನು ಏಳು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಮುಂಗಡ ಕೊಡಬೇಡಿ ಎಂದೆ. ಕಳೆದ ವಾರ ಏಜೆನ್ಸಿಯವರು ಐದಕ್ಕೆ ಉತ್ತರ ಬರೆದು ಕೊಟ್ಟಿದ್ದಾರೆ. ಕುಡಿಯದ ಮಗಳೂ ಅಳಿಯನ ಜೊತೆ ಪಾನೀಯದ ಪ್ಯಾಕೇಜ್ ಕೊಳ್ಳಬೇಕೇ, ನಾಲ್ಕು ವರ್ಷದ ಮಗುವಿಗೂ ದಿನದ ಟಿಪ್ಸ್ ಕಟ್ಟಬೇಕೇ ಎಂಬ ಎರಡು ಪ್ರಶ್ನೆಗಳ ಮುಂದಿನ ಜಾಗ ಇನ್ನೂ ಖಾಲಿ ಇದೆ. ಗೆಳೆಯರು ಮುಂಗಡ ಕೊಟ್ಟಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ